ಮಿಂಚುಳ್ಳಿ ಬಿದ್ದ ಮೇಲೆ

ನಾನು ಚಂದ್ರಶೇಖರ. ಮುತ್ತಿನಕೊಪ್ಪದಿಂದ ಎನ್.ಆರ್.ಪುರ, ಕೊಪ್ಪದ ಮೇಲೆ ಶೃಂಗೇರಿಗೆ ಹೋಗುವ ‘ಮಿಂಚುಳ್ಳಿ’ ಬಸ್ಸಿನ ಕಂಡಕ್ಟರ್. ಜನರ ಬುದ್ಧಿ ಎಷ್ಟೆಂದು ತಿಳಿಯಬೇಕಾದರೆ ನಮ್ಮ ಕೆಲಸಕ್ಕೆ ಬರಬೇಕು.

ಮಿಂಚುಳ್ಳಿ ಅಂದರೆ ಟಿವಿ ಧಾರಾವಾಹಿಯೊಂದರ ಯುದ್ಧವಿಮಾನ. ನಕ್ಷತ್ರಗಳ ನಡುವೆ ನುಗ್ಗಿ ಶತ್ರುಗಳನ್ನು ಹೊಡೆದುರುಳಿಸುತ್ತದೆ. ಮಕ್ಕಳಿಗೆಲ್ಲ ಅದರ ಹುಚ್ಚು ಹಿಡಿದದ್ದು ಕಂಡು ನಮ್ಮ ಸಾಹುಕಾರ್ರು ಷಡಕ್ಷರಿ ಬಸ್ಸಿಗೆ ಅದೇ ಹೆಸರಿಟ್ಟರು. ಎಲ್ಲರೂ ಸ್ಟಿಕ್ಕರ್ ಅಂಟಿಸುವ ಈ ಕಾಲದಲ್ಲಿ ಪೇಂಟರ್ ದೇವರಾಜ ವಿಮಾನವನ್ನು ಕೈಯಲ್ಲೇ ಬರೆದ. ಪೈಲಟ್ ಜಾಗದಲ್ಲಿ ತನ್ನ ಮಗಳು ಜ್ಯೋತ್ಸ್ನಾಳ ಮುಖ ಬರೆದ. ಒಂದು ಕಂತೂ ಬಿಡದೆ ನೋಡುತ್ತಿದ್ದ ಹುಡುಗಿ, ಅದರ ಹಿಂದಿನ ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂದು ಹೋಗಿಬಿಟ್ಟಿದ್ದಳು.

ಅವಳ ತಾಯಿ ಯಮುನಮ್ಮ ದಿನಾ ಬೆಳಿಗ್ಗೆ ಮುತ್ತಿನಕೊಪ್ಪದ ತಮ್ಮ ಮನೆಯೆದುರು ರಸ್ತೆಬದಿ ನಿಂತು, ಮಗಳು ಹೋಗುವುದನ್ನು ನೋಡಿದ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಆ ಜಾಗ ಬಂದಾಗ ನಾನು ವಿಜಲ್ ಊದಿ ಬಸ್ಸು ನಿಧಾನ ಮಾಡಿಸುತ್ತಿದ್ದೆ.

ಕಳೆದ ವರ್ಷ ಕೊನೆಯ ಕಂತಿನಲ್ಲಿ ಮಿಂಚುಳ್ಳಿ ಉರಿದು ಬಿತ್ತು. ಅದೇ ವಾರ ಕೊಪ್ಪ ದಾಟಿದ ಮೇಲೆ ನಮ್ಮ ಟೈರ್ ಒಡೆಯಿತು. ಹೊಸದು ಹಾಕಿಸಿ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು. ಆದರೆ ತಪ್ಪು ಬಂದದ್ದು ವಿಮಾನದ ಮೇಲೆ.

“ಬಿದ್ದ ವಿಮಾನ, ಸತ್ತ ಹುಡುಗಿ ಮುಖ. ಎಂತಕ್ಕೆ ಬೇಕು ಮಾರಾಯ?” ಎನ್ನುತ್ತಾ ಜನ ಹಿಂದೆ ಬರುವ ಬಸ್ಸಿಗೆ ಕಾಯತೊಡಗಿದರು.

ಸಾಹುಕಾರ್ರು ದೇವರಾಜನನ್ನು ಕರೆಸಿದರು. “ಅಳಿಸ್ಬಿಡು.”

“ವಿಮಾನ ಅಳಿಸ್ತೀನಿ ಸಾಹುಕಾರ್ರೆ. ಮುಖ ಒಂದು ಬಿಡಿ. ಅವ್ಳಮ್ಮ ದಿನಾ ನೋಡ್ತಾಳೆ.”

“ಜನ ಹೆದರೋದೇ ಆ ಮುಖಕ್ಕೆ. ನಿಂಗಾಗದಿದ್ರೆ ಬೇರೆಯವ್ರ ಹತ್ರ ಕೆರೆಸ್ತೀನಿ.”

“ಬೇಡ. ನಾನೇ ಕೆರೀತೀನಿ.”

ಮುಖವನ್ನು ಕೊನೆಗೆ ಉಳಿಸಿಕೊಂಡ. ಅದಕ್ಕೆ ಮೆತ್ತಿದ್ದ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕೆರೆದ. ನಾನು ಸಂಬಳ ಕೊಡುವವರ ಎದುರು ಸಿಟ್ಟು ನುಂಗಿಕೊಂಡು ನಿಂತೆ.

ಈ ವರ್ಷ ಧಾರಾವಾಹಿ ಮತ್ತೆ ಶುರುವಾಯಿತು. ಮಿಂಚುಳ್ಳಿ ಪೂರ್ತಿ ಸುಟ್ಟಿರಲೇ ಇಲ್ಲವಂತೆ, ಅದರ ಪೈಲಟ್ ಕೂಡ ಬದುಕಿದ್ದಾಳಂತೆ! ಸಾಹುಕಾರ್ರು ನನ್ನನ್ನೂ ಕರೆದುಕೊಂಡು ದೇವರಾಜನ ಮನೆಗೆ ಹೋದರು.

“ಮೊದಲಿನ ಹಂಗೇ ಬರ್ಕೊಡು ಮಾರಾಯ. ಮಗಳ ಮುಖಾನೂ ಹಾಕು, ನಂದೇನು ಅಡ್ಡಿಯಿಲ್ಲ. ಈಗ ಜನ ಹೆದರಲ್ಲ.”

ದೇವರಾಜ ಒಪ್ಪಲಿಲ್ಲ.

“ಟಿವಿಲಿ ಸತ್ತೋರು ಎದ್ದು ಬರ್ತಾರೆ ಸಾಹುಕಾರ್ರೆ. ನನ್ನ ಮಗಳು ಎರಡು ಸಲ ಹೋಗಿದಾಳೆ. ಮೂರನೇ ಸಲ ಕಳಿಸೋಕೆ ನನ್ನಿಂದಾಗಲ್ಲ.”

ಈಗ ಬಸ್ಸಿನ ಮೇಲೆ ಸ್ಟಿಕ್ಕರಿನ ಮಿಂಚುಳ್ಳಿ ಇದೆ. ಸವೆದ ಟೈರುಗಳ ಮೇಲೆ ಜನ ಸೀಟಿಗಾಗಿ ಕಿತ್ತಾಡುತ್ತಾ ಹೋಗುತ್ತಾರೆ. ಮುತ್ತಿನಕೊಪ್ಪದಲ್ಲಿ ನಾನು ಈಗಲೂ ವಿಜಲ್ ಊದುತ್ತೇನೆ, ಅಭ್ಯಾಸ ಬಿಟ್ಟಿಲ್ಲ. ಆ ಸದ್ದು ಕೇಳಿದ ಕೂಡಲೇ ಯಮುನಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.