ಹೊಂದದ ರುಜು

"ಈ ಸೋಮವಾರದ್ದು ಮಾತ್ರ ಬೇರೆ ಥರ ಇದೆ ನೋಡಿ," ಎನ್ನುತ್ತ ಮಿಸ್ ಯಿಪ್ ಶಾಲೆಯ ದಿನಚರಿ ಪುಸ್ತಕವನ್ನು ಲೈಕ್ವಾನಳ ಮುಂದೆ ಸರಿಸಿದರು.

ಲೈಕ್ವಾನ್ ಪುಟಗಳನ್ನು ತಿರುವಿದಳು. ಸೆಪ್ಟೆಂಬರಿನಿಂದ ದಿನಕ್ಕೊಂದು ಪೋಷಕರ ರುಜು, ಎಲ್ಲವೂ ಅಚ್ಚುಕಟ್ಟು. ಟೀಚರು ಬೆರಳಿಟ್ಟ ಆ ಸೊಟ್ಟ ರುಜು ಒಂದೇ ಅವಳು ತಾನೇ ಹಾಕಿದ್ದು. ಆ ದಿನ ಅವಳು ಜ್ವರ ಬಂದು ಮನೆಯಲ್ಲಿದ್ದಾಗ ಮಗಳು ಚಿಂಗ್‌ನಾ ಹೊಸ ಪುಟ ಬಿಚ್ಚಿ ಕೊಟ್ಟಿದ್ದಳು. ಇಷ್ಟು ದಿನ ಯಾರು ಹಾಕುತ್ತಿದ್ದರೆಂದು ಕೇಳುವ ಚೈತನ್ಯವೂ ಆಗ ಇರಲಿಲ್ಲ.

"ಹುಡುಗಿ ತಾನೇ ಹಾಕಿದ್ರೆ ನಡತೆಯ ಗ್ರೇಡು ಇಳಿಸಲೇಬೇಕು. ಆರನೇ ಕ್ಲಾಸು ಬೇರೆ, ಈ ವರ್ಷದ ಗ್ರೇಡು ನೋಡಿಯೇ ಹೈಸ್ಕೂಲು ಸೀಟು ಕೊಡೋದು."

ಬಾಗಿಲ ಬಳಿ ನಿಂತ ಚಿಂಗ್‌ನಾಳ ಕಿವಿ ಕೆಂಪಾಗಿತ್ತು.

ಮುಂಜಾನೆ ಹೋಟೆಲಿನಲ್ಲಿ ಡಿಮ್‌ಸಮ್ ಕಡುಬು ಬೇಯಿಸುವ ಬುಟ್ಟಿ ತೊಳೆದು, ಸಂಜೆ ಮಾಲಿನ ಕಕ್ಕಸು ತಿಕ್ಕಿ ಲೈಕ್ವಾನ್ ಮನೆ ಸೇರುವಷ್ಟರಲ್ಲಿ ಮಗಳು ಅನ್ನ ಮಾಡಿ, ಪಾಠ ಮುಗಿಸಿರುತ್ತಿದ್ದಳು; ಉಂಡ ಕೂಡಲೇ ತಾಯಿಗೆ ನಿದ್ದೆ. "ನಿನ್ನ ಮಗಳು ಚಿತುಂಗ್‌ಪೋ ಕಣೇ, ಪುಣ್ಯ ಮಾಡಿದೀಯ!" ಎನ್ನುತ್ತಿದ್ದಳು ಪಕ್ಕದ ಮನೆಯ ಹಾ ಅತ್ತೆ. ತಾನೇ ಗೇರು ಬದಲಿಸಿಕೊಳ್ಳುವ ಗಾಡಿಗೆ ಆಡುವ ಮಾತು. ಹೇಳಿಸಿಕೊಳ್ಳದೆ ಓದುವ ಮಕ್ಕಳಿಗೂ ಅದೇ. ಆ ಹೊಗಳಿಕೆ ಕೇಳಿದ ದಿನ ಲೈಕ್ವಾನಳಿಗೆ ಬೆನ್ನುನೋವೂ ಕಡಿಮೆ ಅನ್ನಿಸುತ್ತಿತ್ತು. ಅಯ್ಯೋ ಹುಚ್ಚಿ!

"ಅದೂ ನಂದೇ, ಮಿಸ್. ಜ್ವರ ಇತ್ತು, ಕೈ ನಡುಗ್ತಿತ್ತು."

"ಬೇಜಾರು ಮಾಡ್ಕೋಬೇಡಿ, ಇಲ್ಲೊಂದು ಸಲ ಹಾಕಿ ತೋರಿಸ್ತೀರಾ?"

ಲೈಕ್ವಾನ್ ಬ್ಲೀಚಿಗೆ ಬಿರಿದ ಬೆರಳಲ್ಲಿ ಪೆನ್ನು ಹಿಡಿದಳು. ಬಿಚ್ಚಿದ ಪುಟದ ಮೇಲೆ ಕಣ್ಣಿಟ್ಟು, ಮಗಳು ಎಲ್ಲಿ ಗೀಟು ಎಳೆದಿದ್ದಾಳೆ, ಎಲ್ಲಿ ಬಾಗಿಸಿದ್ದಾಳೆ ನೋಡಿಕೊಂಡು ತನ್ನ ಹೆಸರನ್ನು ಮೆಲ್ಲಗೆ ಬರೆದಳು. ಜೀವಮಾನದಲ್ಲಿ ಅಷ್ಟು ಚೆಂದದ ರುಜು ಅವಳು ಹಾಕಿರಲಿಲ್ಲ.

ಮಿಸ್ ಯಿಪ್ ಹೋಲಿಸಿ ನೋಡಿದರು. "ಸರಿ ಬಿಡಿ. ದಿನಾ ನೋಡಿ ರುಜು ಹಾಕೋ ತಾಯಂದಿರು ಈಗೆಲ್ಲಿದಾರೆ? ಸುಮ್ನೆ ನಿಮಗೆ ತೊಂದರೆ ಕೊಟ್ಟೆ."

ತಾಯಿ ಮಗಳು ಬಸ್ ಸ್ಟಾಪಿಗೆ ನಡೆದು ಬಂದರು.

"ಬೈಯಲ್ವಾ ಅಮ್ಮಾ?"

"ಬೈಯೋಕೂ ತ್ರಾಣ ಬೇಕಲ್ಲೇ." ಲೈಕ್ವಾನಳಿಗೆ ನಾಚಿಕೆಯಾಗಿತ್ತು, ಸಿಟ್ಟು ಬರಲಿಲ್ಲ. "ಇನ್ಮೇಲೆ ನನ್ನನ್ನ ಎಬ್ಬಿಸು. ಎಷ್ಟೊತ್ತಾದ್ರೂ ಸರಿ, ನಾನೇ ಹಾಕ್ತೀನಿ."

"ಮೊದಮೊದಲು ಎಬ್ಬಿಸ್ತಿದ್ದೆ," ಎಂದಳು ಚಿಂಗ್‌ನಾ. "ನೀನು ಏಳ್ತಾನೇ ಇರಲಿಲ್ಲ."

ಅವರ ಮಿನಿ ಬಸ್ಸು ಬಂತು. ನಿಲ್ಲಿಸಲು ಇಬ್ಬರಲ್ಲಿ ಯಾರೂ ಕೈ ತೋರಿಸಲಿಲ್ಲ. ಅದು ನಿಲ್ಲದೆ ಹೊರಟುಹೋಯಿತು.