ಕಲ್ಲಿನ ಮೇಲಿನ ಎರಡನೆಯ ಹೆಸರು

ತನ್ನದೇ ಹೆಸರು ಹೌದೋ ಅಲ್ಲವೋ ಎಂದು ಅವಳು ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿದಳು. ಅನುಮಾನವೇ ಇರಲಿಲ್ಲ. ಸಮಾಧಿಗೆ ಹೊಸದಾಗಿ ನೆಟ್ಟ ಕರಿಕಲ್ಲಿನ ಮೇಲುಭಾಗದಲ್ಲಿ ಗಂಡನ ಹೆಸರು, ಅದರ ಕೆಳಗೆ ಶೌರ್ಯ ಪದಕದ ಚಿತ್ರ, ಆಮೇಲೆ 'ಉರಿಯುವ ವಾಹನಕ್ಕೆ ಮತ್ತೆ ಮತ್ತೆ ನುಗ್ಗಿ ಮೂವರು ಸಂಗಡಿಗರ ಜೀವ ಉಳಿಸಿದ ವೀರ' ಎಂಬ ಸಾಲು. ಅದರಡಿಯಲ್ಲಿ 'ಮತ್ತು ಪತ್ನಿ' ಎಂದು ಬರೆದು ಅವಳ ಹೆಸರು, ಹುಟ್ಟಿದ ಇಸವಿ, ಒಂದು ಅಡ್ಡಗೆರೆ. ಗೆರೆಯ ಮುಂದೆ ಖಾಲಿ ಜಾಗ.

"ಹೇಗಿದೆ ಅಮ್ಮಾ?" ಮಾಜಿ ಸೈನಿಕರ ಸಂಘದ ಕಾರ್ಯದರ್ಶಿ ಕೈಕಟ್ಟಿ ನಿಂತು ಕೇಳಿದರು. "ನಿಮ್ಮ ಹೆಸರೂ ಇರ್ಲಿ ಅಂತ ಮಗಳು ಹೇಳಿದ್ರು. ಪಕ್ಕದ ಜಾಗಾನೂ ನಿಮಗೇ ಬಿಟ್ಟಿದೀವಿ. ನಾಳೆ ಅನಾವರಣಕ್ಕೆ ದೊಡ್ಡೋರೆಲ್ಲ ಬರ್ತಾರೆ."

ಪಕ್ಕದಲ್ಲಿ ಮಗಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಯುದ್ಧ ಮುಗಿಸಿ ಬಂದ ಅಪ್ಪ ಕೆಲವೇ ವರ್ಷ ಬದುಕಿದ್ದ. ಎದೆನೋವೆಂದು ಮಲಗಿದವನು ಏಳದೇ ಹೋದಾಗ ಅವಳಿನ್ನೂ ಅಕ್ಷರ ಕಲಿಯುತ್ತಿದ್ದಳು. ಶಾಲೆಯಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ, 'ಪದಕದವರ ಮಗಳು' ಅಂತಲೇ. ಆ ಮಾತು ಕೇಳಿದಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಆ ನೆಟ್ಟಗಿನ ಬೆನ್ನನ್ನು ನೋಡಿಯೇ ತಾಯಿ ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ, ಹಬೆಯ ನಡುವೆ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತ ಮಗಳನ್ನು ಓದಿಸಿದ್ದಳು.

"ನನ್ನ ಹೆಸರು ತೆಗೀರಿ," ಅಂದಳು.

ಕಾರ್ಯದರ್ಶಿ ನಕ್ಕರು. "ಬದುಕಿರುವಾಗ್ಲೇ ಹೆಸರು ಕೆತ್ತಿದ್ರು ಅಂತ ಹೆದರಿಕೇನಾ? ಎಲ್ಲರೂ ಹೀಗೇ ಮಾಡಿಸ್ತಾರಮ್ಮ."

"ಸಾಯೋಕೆ ಹೆದರಿಕೆ ಇಲ್ಲ. ತೆಗೀರಿ."

ಅಷ್ಟು ದೂರದಲ್ಲಿ ಉಳಿಗಳನ್ನು ಚೀಲಕ್ಕೆ ತುಂಬುತ್ತಿದ್ದ ಕಲ್ಲುಕುಟಿಗ ಗಾಬರಿಯಿಂದ ಎದ್ದು ಬಂದ. "ಕಾಗುಣಿತ ತಪ್ಪಾಯ್ತಾ ಅಮ್ಮಾ? ಹಸ್ಕೊಂಡು ಕೆತ್ತಬೇಡ, ಅಕ್ಷರ ನುಂಗ್ತೀಯ ಅಂತ ನನ್ನ ಹೆಂಡ್ತಿ ಬಡ್ಕೋತಾಳೆ."

"ಅಕ್ಷರ ಸರಿಯಾಗಿದೆಯಪ್ಪ. ನಾನೇ ಇಲ್ಲಿಗೆ ಸೇರಿದವಳಲ್ಲ."

ಮಗಳು ಅವಳ ತೋಳು ಹಿಡಿದು ಸ್ಮಶಾನದ ಗೋಡೆಯವರೆಗೆ ಎಳೆದುಕೊಂಡೇ ಹೋದಳು. ಅಲ್ಲೊಂದು ನಲ್ಲಿ ತೊಟ್ಟಿಕ್ಕುತ್ತಿತ್ತು. "ಏನಮ್ಮಾ ಇದು? ನಾಲ್ಕು ಜನರ ಮುಂದೆ! ಎಷ್ಟು ಓಡಾಡಿ ಮಾಡಿಸಿದೀನಿ ಗೊತ್ತಾ?"

"ಗೊತ್ತು. ನನ್ನನ್ನ ಒಂದು ಮಾತು ಕೇಳಿ ಮಾಡಿಸಬೇಕಿತ್ತು."

"ಅಪ್ಪನ ಪಕ್ಕದಲ್ಲಿ ಮಲಗೋಕೆ ಯಾರನ್ನ ಕೇಳಬೇಕು?"

ತಾಯಿ ಎಡಗಿವಿಯ ಮೇಲಿನ ಕೂದಲು ಸರಿಸಿದಳು. "ಈ ಕಿವಿ ಜ್ವರ ಬಂದು ಕಿವುಡಾಯ್ತು ಅಂತ ನಿನಗೆ ಹೇಳಿದ್ದೆ. ಜ್ವರ ಅಲ್ಲ."

ಮಗಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಗೋಡೆಗೆ ಕೈಯೂರಿದಳು.

"ಯುದ್ಧದಿಂದ ಬಂದಮೇಲೆ ನಿಮ್ಮಪ್ಪ ಮಂಚದ ಕೆಳಗೆ ಮಲಗ್ತಿದ್ರು," ತಾಯಿ ಮುಂದುವರಿಸಿದಳು. ದನಿ ಏರಲಿಲ್ಲ, ಇಳಿಯಲಿಲ್ಲ. "ಒಂದು ತಟ್ಟೆ ಬಿದ್ದು ಸದ್ದಾದ್ರೆ ಸಾಕು, ಕೈ ನನ್ನ ಕುತ್ತಿಗೆ ಮೇಲೆ. ಅವರು ಉಳಿಸಿದ ಹುಡುಗ ಒಬ್ಬ ಮನೆಗೆ ಬಂದಿದ್ದ. ಕಾಲು ಹಿಡ್ಕೊಂಡು ಅತ್ತ. ನನಗೂ ಅಳು ಬಂತು, ಎಂಥ ಗಂಡ ಸಿಕ್ಕಿದಾರೆ ನನಗೆ ಅಂತ. ಅವನು ಹೋದಮೇಲೆ ಬಾಗಿಲು ಹಾಕಿದ್ರು. ಕಿವಿ ಹೋಗಿದ್ದು ಆವತ್ತೇ."

"ಪಕ್ಕದ ಮನೆ ಅಜ್ಜಿ ಹತ್ರ ಮಲಗ್ತಿದ್ನಲ್ಲ ನಾನು..." ಮಗಳ ಮಾತು ಅರ್ಧಕ್ಕೇ ನಿಂತಿತು. "ಅಜ್ಜಿಗೆ ಒಬ್ಬರೇ ಮಲಗೋಕೆ ಭಯ ಅಂತ ಅಲ್ವಾ ಕಳಿಸ್ತಿದ್ದೆ?"

"ಅಜ್ಜಿಗೆ ಯಾವ ಭಯಾನೂ ಇರ್ಲಿಲ್ಲ."

ನಲ್ಲಿಯ ನೀರು ಕೆಸರಿನಲ್ಲಿ ಬೀಳುತ್ತಲೇ ಇತ್ತು. ಮಗಳ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. "ಅದನ್ನೆಲ್ಲ ಯುದ್ಧ ಮಾಡಿಸಿದ್ದಮ್ಮ," ಅಂದಳು. "ಅಪ್ಪ ಅಲ್ಲ."

"ಇರಬಹುದು. ನಾನೂ ಹಾಗೇ ಅಂದ್ಕೊಂಡು ಕಾಲ ಹಾಕಿದೆ. ಆದ್ರೆ ಏಟು ತಿಂದಿದ್ದು ನಾನು ತಾನೆ?" ಅವಳು ಕಲ್ಲಿನ ಕಡೆ ನೋಡಿದಳು. "ಅಲ್ಲಿ ಬರೆದಿರೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೆಂಕಿಗೆ ನುಗ್ಗಿದ್ದು ನಿಜ. ಆ ಕಲ್ಲು ಅವರಿಗೆ ಸಲ್ಲಬೇಕಾದ್ದೇ. ನಾಳೆ ಬರ್ತೀನಿ, ಮುಂದಿನ ಸಾಲಲ್ಲಿ ಕೂರ್ತೀನಿ, ಹಾರ ಹಾಕು ಅಂದ್ರೆ ಹಾಕ್ತೀನಿ. ಆದ್ರೆ ಅವರು ಹೋದ ದಿನದಿಂದ ನಾನು ಒಬ್ಬಳೇ ಮಲಗಿದೀನಿ ಮಗಳೇ, ಕಣ್ತುಂಬ ನಿದ್ದೆ ಮಾಡಿದೀನಿ. ಸತ್ತಮೇಲೆ ಅದನ್ನ ಕಳ್ಕೊಳ್ಳಲಾರೆ."

"ಇಷ್ಟು ದಿನ ಇಲ್ಲದ್ದು, ಇವತ್ತೇ ಯಾಕೆ ಹೇಳಬೇಕಿತ್ತು?" ಮಗಳು ಕೂಗಿದಳು. ಉತ್ತರಕ್ಕೆ ಕಾಯದೆ ಗೇಟಿನ ಕಡೆ ಬಿರಬಿರನೆ ನಡೆದುಬಿಟ್ಟಳು.

ತಾಯಿ ಹಿಂದೆ ಹೋಗಲಿಲ್ಲ. ಗೋಡೆಗೊರಗಿ ನಿಂತಳು. ಎದೆಯ ಮೇಲಿನ ಕಲ್ಲು ಇಳಿದು ಹಗುರಾಗುತ್ತದೆ ಎಂದುಕೊಂಡಿದ್ದಳು. ಆ ಕಲ್ಲನ್ನು ಎತ್ತಿ ಮಗಳ ಎದೆಯ ಮೇಲಿಟ್ಟಂತಾಗಿತ್ತು, ಅಷ್ಟೇ. ಹೆಸರು ಇದ್ದರೆ ಇರಲಿ ಎಂದು ಕೂಗಿ ಕರೆಯಲೇ ಅನ್ನಿಸಿತು. ಬಾಯಿ ತೆರೆಯಲಿಲ್ಲ.

ಮಗಳು ಗೇಟಿನ ಬಳಿ ಬಹಳ ಹೊತ್ತು ಬೆನ್ನು ಹಾಕಿ ನಿಂತಿದ್ದಳು. ತಿರುಗಿ ಬಂದವಳು ತಾಯಿಯ ಮುಖ ನೋಡದೆ ನೇರ ಕಲ್ಲುಕುಟಿಗನ ಬಳಿಗೆ ಹೋದಳು. "ಕೆಳಗಿನ ಸಾಲು ತೆಗೆದುಬಿಡಿ."

"ನಾಳೆ ಬಂದೋರಿಗೆ ಏನು ಹೇಳೋದು?" ಕಾರ್ಯದರ್ಶಿ ತಲೆ ಕೆರೆದುಕೊಂಡರು.

"ತಪ್ಪಾಗಿ ಕೆತ್ತಿಸಿದ್ವಿ ಅನ್ನಿ. ನಾನೇ ಕೆತ್ತಿಸಿದ್ದು."

"ತೆಗೀಬಹುದು," ಕಲ್ಲುಕುಟಿಗ ಕಲ್ಲು ಸವರಿದ. "ಆದ್ರೆ ಕುಳಿ ಬೀಳುತ್ತೆ. ಗೊತ್ತಾಗುತ್ತೆ."

"ಗೊತ್ತಾಗ್ಲಿ ಬಿಡಿ."

ಅವನು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಲ್ಲು ಉಜ್ಜುವ ಯಂತ್ರ ಹಚ್ಚಿದ. ಕರ್ಕಶ ಸದ್ದಿಗೆ ಹಕ್ಕಿಗಳು ಮರ ಬಿಟ್ಟೆದ್ದವು. ಬೂದಿಬಣ್ಣದ ಪುಡಿ ಮೋಡದಂತೆ ಎದ್ದು ಹುಲ್ಲಿನ ಮೇಲೆ, ಕಾರ್ಯದರ್ಶಿಯ ಬೂಟಿನ ಮೇಲೆ, ಕಲ್ಲಿನ ಮೇಲೆ ಕೂತಿತು. ಸದ್ದು ನಿಂತಾಗ ಕೆಳಗಿನ ಸಾಲಿದ್ದಲ್ಲಿ ಒರಟಾದ ಬಿಳಿಚಿದ ಪಟ್ಟಿಯೊಂದು ಉಳಿದಿತ್ತು.

ಗಂಡಸರಿಬ್ಬರೂ ಹೊರಟುಹೋದರು. ಮಗಳು ಕಲ್ಲಿನ ಮುಂದೆ ಮೊಣಕಾಲೂರಿ ಕೂತು, ಅಪ್ಪನ ಹೆಸರಿನೊಳಗೆ ತುಂಬಿಕೊಂಡಿದ್ದ ಪುಡಿಯನ್ನು ಕಿರುಬೆರಳಿನ ತುದಿಯಿಂದ ತೆಗೆಯತೊಡಗಿದಳು. ಒಂದು ಅಕ್ಷರ ಮುಗಿದಮೇಲೆ ಇನ್ನೊಂದು. ತಾಯಿ ಅವಳ ಕೈಚೀಲ ಹಿಡಿದುಕೊಂಡು ಹಿಂದೆ ನಿಂತಿದ್ದಳು. ಹೊತ್ತಾಯಿತು ಎನ್ನಲಿಲ್ಲ.