ಒಂದು ಲೋಟ ಚಹಾದ ಹೊತ್ತು

ಮಗಳು ಒಂದು ತುದಿಯಿಂದ ಕುರ್ಚಿಗಳನ್ನು ಒತ್ತೊತ್ತಾಗಿ ಹಾಕುತ್ತ ಬಂದರೆ, ಇನ್ನೊಂದು ತುದಿಯಿಂದ ಚಿಕ್ಕಮ್ಮ ಅವನ್ನು ದೂರ ದೂರ ಎಳೆಯುತ್ತ ಬರುತ್ತಿದ್ದಳು. ಪಡಸಾಲೆಯ ನಡುವೆ ಇಬ್ಬರೂ ಎದುರುಬದುರಾದರು.

"ಏನ್ ಚಿಕ್ಕಮ್ಮ ಇದು? ಹೀಗೆ ಹಾಕಿದ್ರೆ ಅರ್ಧ ಜನ ಬೀದೀಲಿ ನಿಲ್ಬೇಕಾಗುತ್ತೆ."

"ನಿಲ್ಲಲಿ ಬಿಡು. ಇಲ್ದಿದ್ರೆ ನಿಮ್ಮಮ್ಮ ಎದ್ದು ಬಂದು ಬೈತಾಳೆ. ನನ್ನ ಮದುವೇಲೇ ಟೇಪು ಹಿಡ್ಕೊಂಡು ಕುರ್ಚಿ ಅಳೆದವಳು ಅವಳು!"

ಚಿಕ್ಕಮ್ಮ ನಗಲು ಹೋಗಿ ಅತ್ತುಬಿಟ್ಟಳು. ಮಗಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಕಿಟಕಿಯ ಪಕ್ಕದ ಮಂಚದ ಮೇಲೆ ಅಮ್ಮ ಬಿಳಿ ಹೊದಿಕೆಯಡಿ ಮಲಗಿದ್ದಳು. ಬೆಳಗಿನಿಂದ ಮಗಳು ಆ ಮಂಚದ ಸುತ್ತ ಹತ್ತಾರು ಸಲ ಓಡಾಡಿದ್ದಳೇ ಹೊರತು ಒಮ್ಮೆಯೂ ಹತ್ತಿರ ಕೂತಿರಲಿಲ್ಲ. ಹನ್ನೊಂದಕ್ಕೆ ಅವಳನ್ನು ಒಯ್ಯಲು ವ್ಯಾನ್ ಬರುವುದಿತ್ತು.

"ಸ್ವಲ್ಪ ಹೊತ್ತು ಕೂತ್ಕೊಳ್ಳೇ ಅವಳ ಹತ್ರ," ಎಂದಳು ಚಿಕ್ಕಮ್ಮ. "ಆಮೇಲೆ ಬೇಕು ಅಂದ್ರೂ ಸಿಗಲ್ಲ."

"ನಾನು ಬೇಕು ಅಂದಾಗ ಅವಳು ಎಲ್ಲಿ ಸಿಕ್ಕಿದ್ಲು?" ಎಂದಳು ಮಗಳು.

•

ಅಮ್ಮನಿಗೆ ಆರೋಗ್ಯ ಕಚೇರಿಯಲ್ಲಿ ಕೆಲಸ. ಎಲ್ಲಾದರೂ ಅಂಟುಜ್ವರ ಕಾಣಿಸಿತೆಂದರೆ ಚೀಲ ಹೆಗಲಿಗೇರಿಸಿ ಮನೆ ಮನೆ ಸುತ್ತುವಳು. ಹದಿನೈದು ದಿನದಲ್ಲಿ ಯಾರ ಜೊತೆ ಉಂಡಿರಿ, ಯಾರ ಪಕ್ಕ ಕೂತಿರಿ ಎಂದು ಕೇಳಿ, ದೊಡ್ಡ ಕಾಗದದ ಪಟದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕಿ ಇಡುವಳು. ಇಬ್ಬರು ತೋಳಳತೆಯೊಳಗೆ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಇದ್ದರೆ ಅವರ ಚುಕ್ಕಿಗಳ ನಡುವೆ ಕೆಂಪು ಪೆನ್ಸಿಲಿನ ಗೆರೆ. ಇಲ್ಲದಿದ್ದರೆ ಇಲ್ಲ. ಈ ವಿಷಯದಲ್ಲಿ ಅವಳು ಯಾರಪ್ಪನ ಮಾತನ್ನೂ ಕೇಳುತ್ತಿರಲಿಲ್ಲ.

ದೊಡ್ಡ ಜ್ವರ ಬಂದ ವರ್ಷ ಮಗಳಿಗೆ ಎಂಟು. ಜ್ವರದ ಸುದ್ದಿ ಬಂದ ದಿನವೇ ಅಮ್ಮ ಅವಳನ್ನು ಚಿಕ್ಕಮ್ಮನ ಮನೆಗೆ ಸಾಗಹಾಕಿದಳು. ದಿನಾ ಸಂಜೆ ಬಂದು ರಸ್ತೆಯ ಆಚೆ ಬದಿಯಲ್ಲಿ ನಿಂತು ಕೈ ಬೀಸುವಳು. ಹತ್ತನೆಯ ಸಂಜೆ ಮಗಳಿಗೆ ತಡೆಯಲಾಗಲಿಲ್ಲ. ಗೇಟು ತಳ್ಳಿಕೊಂಡು ರಸ್ತೆಗೆ ಹಾರಿದಳು. ಅಮ್ಮ ಅವಳನ್ನು ನೋಡಿದಳು, ಬೆನ್ನು ತಿರುಗಿಸಿದಳು, ಚಪ್ಪಲಿ ಒಂದು ಕಡೆ ಹಾರಿಬಿದ್ದರೂ ತಿರುಗಿ ನೋಡದೆ ಓಟ ಕಿತ್ತಳು.

ಆಮೇಲೆ ಮೂರು ವಾರ ಬರಲೇ ಇಲ್ಲ. ಮಗಳು ಬೆಳೆದು ದೊಡ್ಡವಳಾದ ಮೇಲೆ ಒಮ್ಮೆ ಊಟದ ಹೊತ್ತಿನಲ್ಲಿ ಅಮ್ಮ, "ಅವತ್ತು ನಾನು ಯಾಕೆ ಓಡಿದೆ ಅಂದ್ರೆ..." ಎಂದು ಶುರು ಮಾಡಿದಾಗ ಅವಳು ತಟ್ಟೆ ಬಿಟ್ಟು ಎದ್ದುಹೋಗಿದ್ದಳು. ಅಮ್ಮನೂ ಸ್ವಾಭಿಮಾನಿ. ಮತ್ತೆ ಆ ಮಾತೆತ್ತಲಿಲ್ಲ.

•

ಒಂಬತ್ತರ ಹೊತ್ತಿಗೆ ಜನ ಬರತೊಡಗಿದರು. ಕೋಲೂರಿಕೊಂಡು ಬಂದ ಮುದುಕರೊಬ್ಬರು ಮಗಳಿಗೆ ಕೈಮುಗಿದು, "ನಾನು ಹದಿನೇಳು," ಎಂದರು.

"ಏನು?"

"ನಿಮ್ಮಮ್ಮನ ಪಟದಲ್ಲಿ ನನ್ನ ನಂಬರು. ಹೆಸರು ಬರೀತಿರಲಿಲ್ಲ ಆ ತಾಯಿ." ಅವರು ಹೊರಗೆ ನಿಂತಿದ್ದ ಹೆಂಡತಿಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದರು. "ಆಗ ನಾನು ಬಸ್ ಡ್ರೈವರು. ಡ್ಯೂಟಿ ಅಂತ ಮನೇಲಿ ಹೇಳಿ ಇಸ್ಪೀಟಾಡೋಕೆ ಹೋಗ್ತಿದ್ದೆ. ಸಾಹೇಬರುಗಳು ಬಂದು ಗದರಿದ್ರೂ ಬಾಯಿ ಬಿಡ್ಲಿಲ್ಲ. ಇವ್ರು ಬಂದು ಪಕ್ಕ ಕೂತು, ಮೂಗಿನ ಬಟ್ಟೆ ಸರಿಸಿ ಚಹಾ ಕುಡಿದ್ರು ನೋಡಿ, ಲೋಟ ಕೆಳಗಿಡೋ ಅಷ್ಟರಲ್ಲಿ ಎಲ್ಲಾ ಒದರಿಬಿಟ್ಟಿದ್ದೆ. ಇಸ್ಪೀಟಿನ ಮನೆಯವರೆಲ್ಲ ಬಚಾವಾದ್ರು. ನಮ್ಮವಳಿಗೆ ಇವತ್ತಿಗೂ ಗೊತ್ತಿಲ್ಲ."

ಹೊರಗಿನಿಂದ ಹೆಂಡತಿ, "ಇಸ್ಪೀಟಿನ ವಿಷಯ ತಾನೇ? ಬೇಗ ಹೇಳಿ ಮುಗಿಸಿ, ಕಾಲು ನೋಯ್ತಿದೆ," ಎಂದರು.

ಅವರ ಹಿಂದೆ ಲೆಕ್ಕದ ಮೇಷ್ಟ್ರು ಬಂದರು. ಅಮ್ಮ ತಂದ ಚುಕ್ಕಿ ಗೆರೆಗಳನ್ನು ಕಚೇರಿಯ ಕಂಪ್ಯೂಟರಿಗೆ ಉಣಿಸಿ, ಜ್ವರ ಮುಂದಿನ ವಾರ ಯಾವ ಬೀದಿಗೆ ಹೋದೀತೆಂದು ಲೆಕ್ಕ ಹಾಕುತ್ತಿದ್ದವರು. ಕಂಕುಳಲ್ಲಿ ಸುರುಳಿ ಸುತ್ತಿದ ಹಳೆಯ ಕಾಗದ. ಮಂಚದ ಮುಂದೆ ತಲೆ ಬಗ್ಗಿಸಿ ಕೈಮುಗಿದು, ಆಮೇಲೆ ಮಗಳನ್ನು ಕರೆದು ಸುರುಳಿ ಬಿಚ್ಚಿದರು.

"ದೊಡ್ಡ ಜ್ವರದ ಪಟ ಇದು. ನಿನ್ನ ಹತ್ರ ಇರಲಿ ಅಂತ ತಂದೆ."

•

ಆ ವರ್ಷ ಮೇಷ್ಟ್ರ ಲೆಕ್ಕ ದಾರಿ ತಪ್ಪಿತ್ತು. ಮಾರುಕಟ್ಟೆ ಬೀದಿಯಿಂದ ಗಿರಣಿ ಬೀದಿಗೆ ಜ್ವರ ದಾಟಲು ತಿಂಗಳಾದರೂ ಬೇಕು ಎಂದಿತು ಲೆಕ್ಕ. ದಾಟಿದ್ದು ನಾಲ್ಕೇ ದಿನದಲ್ಲಿ.

"ಒಂದು ಚುಕ್ಕಿ ಬಿಟ್ಟುಹೋಗಿದೆ," ಎಂದರು ಮೇಷ್ಟ್ರು. "ಎರಡೂ ಬೀದಿಯ ಮನೆ ಮನೆಗೂ ಹೋಗೋರು ಯಾರೋ ಇದ್ದಾರೆ. ಹಾಲಿನವನಾ? ಪೇಪರಿನವನಾ?"

ಅಮ್ಮ ಪಟವನ್ನೇ ದಿಟ್ಟಿಸುತ್ತ ಕೂತಳು. ಎರಡು ದಿನದಿಂದ ಅವಳಿಗೆ ಮೈ ಬೆಚ್ಚಗಿತ್ತು. ಬಿಸಿಲಿಗೆ ಇರಬೇಕೆಂದು ಬಿಟ್ಟಿದ್ದಳು. ಯಾರು ಬಂದಿದ್ದರು ಎಂದು ಅವಳು ಕೇಳಿದಾಗ ಜನ ನೆಂಟರ, ನೆರೆಯವರ ಹೆಸರೆಲ್ಲ ಹೇಳಿದ್ದರು. ಎದುರಿಗೇ ಕೂತು ಚಹಾ ಕುಡಿಯುತ್ತಿದ್ದವಳ ಹೆಸರು ಯಾರೂ ಹೇಳಿರಲಿಲ್ಲ. ಅವಳೂ ಬರೆದುಕೊಂಡಿರಲಿಲ್ಲ.

ಅವಳು ಎದ್ದು ದೂರದ ಗೋಡೆಗೆ ಹೋಗಿ ನಿಂತಳು. "ಮೇಷ್ಟ್ರೆ, ಹತ್ರ ಬರಬೇಡಿ. ಆ ಚುಕ್ಕಿ ನಾನೇ."

ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಪಟವನ್ನು ನೆಲದ ಮೇಲೆ ತನ್ನತ್ತ ಜಾರಿಸಲು ಹೇಳಿ ತೆಗೆದುಕೊಂಡು, ನಡುವೆ ದೊಡ್ಡ ಚುಕ್ಕಿಯಿಟ್ಟು, ಇಡೀ ಪಟದಲ್ಲಿ ಒಂದೇ ಒಂದು ಹೆಸರು ಬರೆದಳು, ತನ್ನದು. ಕುಡಿದ ಒಂದೊಂದು ಲೋಟವನ್ನೂ ನೆನೆದು ನಲವತ್ತಮೂರು ಗೆರೆ ಎಳೆದಳು. ಆ ಸಂಜೆಯೇ ನಲವತ್ತಮೂರು ಮನೆಗೂ ಸುದ್ದಿ ಹೋಯಿತು. ಗಿರಣಿ ಬೀದಿಯ ಒಬ್ಬ ಅಜ್ಜಿ ಉಳಿಯಲಿಲ್ಲ. ಆ ಮನೆಗೆ ಅಮ್ಮ ತಾನು ಬದುಕಿದ್ದಷ್ಟು ಕಾಲವೂ ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದಳು. ಜ್ವರ ಆ ಗೆರೆಗಳ ತುದಿಯಲ್ಲೇ ನಿಂತಿತು. ಅಮ್ಮ ಕಚೇರಿಯ ಉಗ್ರಾಣದಲ್ಲಿ ಮೂರು ವಾರ ಒಬ್ಬಳೇ ಮಲಗಿದಳು.

•

"ಧೈರ್ಯ ಅಂದ್ರೆ ಅದಮ್ಮ," ಎಂದರು ಮೇಷ್ಟ್ರು. "ಅಷ್ಟು ಗೆರೆಯಲ್ಲಿ ಒಂದನ್ನೂ ಮರೆಮಾಚಲಿಲ್ಲ. ಕೊನೇಲಿ ನಾನು 'ನಿಮ್ಮ ಮಗಳು?' ಅಂತ ಕೇಳಿದೆ. ಇಲ್ಲಿ ನೋಡು, ಇದು ನೀನು."

ಪಟದ ಮೂಲೆಯಲ್ಲಿ ಸಾಸಿವೆಯಷ್ಟು ಚುಕ್ಕಿ. ಅದರ ಸುತ್ತ ಒಂದು ಗೆರೆಯೂ ಇರಲಿಲ್ಲ.

"'ನಿನ್ನೆ ಅವಳು ನನ್ನ ಹತ್ರ ಓಡಿಬಂದ್ಲು, ಆದ್ರೆ ತೋಳಳತೆಗೆ ಸಿಗಲಿಲ್ಲ, ನಾನು ಓಡಿದೆ ಮೇಷ್ಟ್ರೆ, ನಾನು ಓಡಿಬಿಟ್ಟೆ' ಅಂದ್ರು ನಿಮ್ಮಮ್ಮ. ಅವರು ಅತ್ತಿದ್ದನ್ನ ನಾನು ನೋಡಿದ್ದು ಅದೊಂದೇ ಸಲ."

ಮಗಳು ಆ ಚುಕ್ಕಿಯ ಮೇಲೆ ಬೆರಳಿಟ್ಟಳು. ಅಂದು ತಾನು ಬಿಟ್ಟು ಎದ್ದುಹೋಗಿದ್ದ ಊಟದ ತಟ್ಟೆ ನೆನಪಾಯಿತು.

"ಚಿಕ್ಕಮ್ಮ, ಒಂದು ಲೋಟ ಚಹಾ ಕೊಡು."

ಕುರ್ಚಿಯನ್ನು ಮಂಡಿ ಮಂಚಕ್ಕೆ ತಾಗುವಷ್ಟು ಹತ್ತಿರ ಎಳೆದುಕೊಂಡಳು. ಎಡಗೈಯಲ್ಲಿ ಅಮ್ಮನ ಕೈ ಹಿಡಿದು, ಬಲಗೈಯಲ್ಲಿ ಲೋಟ ಹಿಡಿದು ಕುಡಿಯತೊಡಗಿದಳು. ಈಗ ಕಣ್ಣೀರು ತಾನಾಗಿ ಬಂತು. ಹೊರಗೆ ವ್ಯಾನು ಬಂದು ನಿಂತಿತು. ಒಳಗೆ ಇಣುಕಿದ ಡ್ರೈವರಿಗೆ ಚಿಕ್ಕಮ್ಮ ಬಾಗಿಲಲ್ಲೇ ಅಡ್ಡ ನಿಂತು, "ಸ್ವಲ್ಪ ತಡೀಪ್ಪ, ಇನ್ನೂ ಅರ್ಧ ಲೋಟ ಇದೆ," ಎಂದಳು.

ಲೋಟದ ತಳ ಕಂಡಿತು. ಮಗಳು ಕಿಟಕಿಗೆ ತೂಗಿದ್ದ ಅಮ್ಮನ ಚೀಲಕ್ಕೆ ಕೈ ಹಾಕಿ ಕೆಂಪು ಪೆನ್ಸಿಲು ತೆಗೆದಳು. ಪಟವನ್ನು ಮಂಚದ ಮೇಲೆ ಹರಡಿ, ನಡುವಿನ ದೊಡ್ಡ ಚುಕ್ಕಿಯಿಂದ ಮೂಲೆಯ ಸಾಸಿವೆ ಚುಕ್ಕಿಯವರೆಗೂ ಒಂದು ಗೆರೆ ಎಳೆದಳು.